ನಾಲ್ಕು ಕುಂಡಗಳ ತೂಕ

ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಬಂದ ದಿನ ಆ ಹುಡುಗಿ ಮೊದಲು ಮಾಡಿದ ಕೆಲಸವೆಂದರೆ ಕೋಣೆಯ ಬಾಗಿಲ ಚಿಲಕವನ್ನು ನಾಲ್ಕು ಸಲ ಹಾಕಿ, ನಾಲ್ಕು ಸಲ ತೆಗೆದು ನೋಡಿದ್ದು. ಆಮೇಲೆ ಕಪಾಟಿನ ಬೀಗವನ್ನು ಜಗ್ಗಿ ನೋಡಿದಳು. ಅದು ಹಲ್ಲು ಸಡಿಲವಾದ ಮುದುಕನ ಹಾಗಿತ್ತು. ಅದನ್ನು ತೆಗೆದುಹಾಕಿ, ಮನೆಯಿಂದ ತಂದಿದ್ದ ಹಿತ್ತಾಳೆಯ ಬೀಗ ಜಡಿದು, ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಇಷ್ಟೆಲ್ಲ ನಡೆಯುವಾಗ ಎದುರಿನ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಇನ್ನೊಬ್ಬ ಹುಡುಗಿ ಬಿಟ್ಟ ಬಾಯಿ ಮುಚ್ಚದೆ ನೋಡುತ್ತಿದ್ದಳು.

“ಒಳಗೆ ಏನಿದೆಯೇ, ವಜ್ರಾನಾ?” ಎಂದಳು.

“ಬಟ್ಟೆ,” ಎಂದಳು ಇವಳು.

ಮರುದಿನದ ಹೊತ್ತಿಗೆ ಇವಳಿಗೆ ಹಾಸ್ಟೆಲಿನಲ್ಲಿ ‘ಚಿಲಕ’ ಎಂದು ಹೆಸರು ಬಿದ್ದಿತ್ತು. ಎದುರು ಮಂಚದವಳಿಗೆ ಅಷ್ಟರಲ್ಲಾಗಲೇ ‘ಗಿಣಿ’ ಎಂದಾಗಿತ್ತು. ಅದು ಅಡುಗೆಮನೆಯ ಅಕ್ಕ ಮೊದಲ ಊಟಕ್ಕೇ ಇಟ್ಟ ಹೆಸರು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಹತ್ತು ನಿಮಿಷದಲ್ಲಿ ಅವಳು ಅಕ್ಕನ ಮಂಡಿನೋವಿನಿಂದ ಹಿಡಿದು ಅಕ್ಕನ ಸೊಸೆಯ ತವರಿನ ಜಗಳದವರೆಗೆ ಎಲ್ಲವನ್ನೂ ತಿಳಿದುಕೊಂಡಿದ್ದಳಂತೆ.

ಚಿಲಕಳ ಅಪ್ಪನದು ಬೀಗದ ಅಂಗಡಿ. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿನಲ್ಲಿ ಒಬ್ಬರು ಕೂರುವಷ್ಟು ಜಾಗ, ಗೋಡೆ ತುಂಬ ನೇತಾಡುವ ಕೀಲಿಗಳು, ಕೀಲಿ ಉಜ್ಜುವ ಒಂದು ಅರದ ಯಂತ್ರ. ಕಳ್ಳತನವಾದ ಮನೆಯವರು ಪೊಲೀಸರ ನಂತರ ಕರೆಯುತ್ತಿದ್ದದ್ದು ಅಪ್ಪನನ್ನೇ. ಹಾಗಾಗಿ ಅವರು ಮನುಷ್ಯರನ್ನು ಹೆಚ್ಚಾಗಿ ನೋಡಿದ್ದು ಏನಾದರೂ ಕಳೆದುಕೊಂಡ ಮರುದಿನ. ರಾತ್ರಿಯೂಟಕ್ಕೆ ಕೂತಾಗ ಒಂದೊಂದು ಕಥೆ ಹೇಳಿ, ಕೊನೆಗೆ ಬೆರಳು ಎತ್ತುತ್ತಿದ್ದರು. “ಕಳ್ಳ ಹೊರಗಿನವನಲ್ಲ ಮಗಳೇ. ಹತ್ತರಲ್ಲಿ ಎಂಟು ಸಲ ಒಳಗಿನವನೇ. ಬಾಗಿಲು ಒಡೆಯೋನಿಗಿಂತ ಬಾಗಿಲು ಗೊತ್ತಿರೋನಿಗೆ ಹೆದರಬೇಕು.” ಅನ್ನದ ಜೊತೆ ಈ ಮಾತನ್ನೂ ಕಲಸಿಕೊಂಡು ತಿಂದು ಬೆಳೆದವಳು ಅವಳು.

ಹಾಗಿರುವಾಗ ಗಿಣಿಯಂಥವಳು ಅದೇ ಕೋಣೆಯಲ್ಲಿ ಇರುವುದೆಂದರೆ! ಕೇಳದೆಯೇ ಸೋಪು ಕೊಡುತ್ತಿದ್ದಳು. ತರಗತಿಯ ನೋಟ್ಸ್ ಮುಂದೆ ತಳ್ಳಿ “ಬರ್ಕೋ” ಎನ್ನುತ್ತಿದ್ದಳು. ಚಿಲಕ ಊಟಕ್ಕೆ ತಡವಾದರೆ ತಟ್ಟೆ ಮುಚ್ಚಿಡಿಸುತ್ತಿದ್ದಳು. ಯಾರಿಗೇ ಆಗಲಿ ಪುಕ್ಕಟೆ ಇಷ್ಟು ಒಳ್ಳೆಯವರಾಗಲು ಏನು ಬಂದಿದೆ? ಚಿಲಕ ಸೋಪನ್ನು ಬಳಸಿದಳು, ನೋಟ್ಸನ್ನೂ ಬರೆದುಕೊಂಡಳು. ಆದರೆ ಗಿಣಿ ಅದರಲ್ಲಿ ಬೇಕೆಂದೇ ತಪ್ಪು ಬರೆದಿದ್ದಾಳೋ ಎಂದು ಪುಸ್ತಕದ ಜೊತೆ ಸಾಲುಸಾಲಾಗಿ ತಾಳೆ ನೋಡಿದಳು. ಒಂದು ಕಡೆ ಕಾಗುಣಿತದ ತಪ್ಪಿತ್ತು. ಅದಕ್ಕೂ ಅವಳು ಒಂದು ದಿನ ಯೋಚಿಸಿದಳು.

ಚಿಲಕಳನ್ನು ಪೂರ್ತಿ ಬೈಯುವುದೂ ಸರಿಯಲ್ಲ. ಊರಿನ ಕಾಲೇಜಿನಲ್ಲಿ ಅವಳೇ ಮೊದಲಿಗಳು. ಇಲ್ಲಿ ನೋಡಿದರೆ ನೂರಿಪ್ಪತ್ತು ಮಂದಿ ಮೊದಲಿಗರು ಒಂದೇ ಹಾಲಿನಲ್ಲಿ ತುಂಬಿಕೊಂಡಿದ್ದರು. ಪಾಠ ಮಾಡುವವರ ಮಾತು ಹಿಂದಿನ ಸಾಲಿಗೆ ತಲುಪುವಾಗ ಅರ್ಧ ಸೋರಿಹೋಗುತ್ತಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು. ನಿಜವಾಗಿ ಅರ್ಥವಾಗಿ ಆಡಿಸುತ್ತಿದ್ದಾರೋ ತನ್ನ ಹಾಗೆ ಸುಮ್ಮನೆ ಆಡಿಸುತ್ತಿದ್ದಾರೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತೊಂದು ಬಂದಾಗ, ಉತ್ತರ ಪತ್ರಿಕೆ ಅದಲುಬದಲಾಗಿದೆಯೆಂದು ಆಫೀಸಿಗೆ ಹೋಗಿ ಅರ್ಜಿ ಕೊಟ್ಟಳು. ಗುಮಾಸ್ತರು ಪತ್ರಿಕೆ ತೆಗೆದು ತೋರಿಸಿದರು. ಅಕ್ಷರ ಅವಳದೇ. “ಇನ್ನೇನು ಬೇಕಮ್ಮಾ, ಬೆರಳಚ್ಚು ತೆಗೀಬೇಕಾ?” ಎಂದು ಕೇಳಿದರು. ಹಿಂದೆ ನಿಂತಿದ್ದವರು ನಕ್ಕರು.

ಎರಡನೆಯ ಅವಧಿಯಲ್ಲಿ ಸಸ್ಯಶಾಸ್ತ್ರದ ಮೇಡಂ ಎಲ್ಲರಿಗೂ ಒಂದೊಂದು ಸ್ವಂತ ಪ್ರಯೋಗ ಮಾಡಲು ಹೇಳಿದರು. ವಿಭಾಗದ ಹಿಂದೆ ಗಾಜಿನ ಮನೆ ಇತ್ತು. ಒಬ್ಬೊಬ್ಬರಿಗೆ ಹನ್ನೆರಡು ಕುಂಡ, ಎಂಟು ವಾರ ಸಮಯ. ಯಾರ ಪ್ರಯೋಗ ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರಿಗೆ ರಜೆಯಲ್ಲಿ ಎರಡು ತಿಂಗಳು ಬೀಜ ಸಂಶೋಧನಾ ಕೇಂದ್ರದಲ್ಲಿ ಕೆಲಸ ಕಲಿಯುವ ಅವಕಾಶ. ಇಡೀ ತರಗತಿಗೆ ಒಂದೇ ಜಾಗ.

“ಕುಂಡದ ಮೇಲೆ ನಿಮ್ಮ ಹೆಸರು, ಏನು ಪ್ರಯೋಗ, ಯಾವಾಗ ಏನು ಮಾಡಬೇಕು, ಏನು ಮಾಡಬಾರದು, ಎಲ್ಲ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ,” ಎಂದರು ಮೇಡಂ. ಅವರು ಒಂದು ಮಾತನ್ನು ಎರಡು ಸಲ ಹೇಳುವವರಲ್ಲ.

ಚಿಲಕ ಆರಿಸಿಕೊಂಡದ್ದು ನೀರಿನ ಪ್ರಯೋಗ. ಹನ್ನೆರಡು ಬೀನ್ಸ್ ಸಸಿ. ನಾಲ್ಕಕ್ಕೆ ದಿನವೂ ನೀರು, ನಾಲ್ಕಕ್ಕೆ ಮೂರು ದಿನಕ್ಕೊಮ್ಮೆ, ಉಳಿದ ನಾಲ್ಕಕ್ಕೆ ಹತ್ತು ದಿನಕ್ಕೊಮ್ಮೆ. ದಿನವೂ ಸಂಜೆ ನಾಲ್ಕಕ್ಕೆ ಒಂದೊಂದು ಕುಂಡವನ್ನೂ ತಕ್ಕಡಿಗಿಟ್ಟು ತೂಗುವುದು, ಎಲೆ ಎಣಿಸುವುದು, ಕಾಂಡ ಅಳೆಯುವುದು. ಮಣ್ಣಿನಲ್ಲಿ ಎಷ್ಟು ನೀರು ಉಳಿದಿದೆ ಎಂದು ತೂಕವೇ ಹೇಳಿಬಿಡುತ್ತದೆ. ಈ ಉಪಾಯ ಅವಳೇ ಯೋಚಿಸಿದ್ದು. ಕುಂಡದ ಮೇಲೆ ಇದನ್ನೆಲ್ಲ ದಪ್ಪಕ್ಷರದಲ್ಲಿ ಬರೆದರೆ ಪಕ್ಕದವರು ಕದಿಯುವುದಿಲ್ಲವೇ? ಅವಳು ಸಣ್ಣ ಚೀಟಿಯ ಮೇಲೆ ‘ಹ-೧, ಹ-೨’ ಎಂದು ಗುರುತು ಬರೆದು ಅಂಟಿಸಿದಳು. ಗುರುತಿನ ಅರ್ಥ ಬರೆದ ಪುಸ್ತಕ ಕಪಾಟಿನಲ್ಲಿ, ಹಿತ್ತಾಳೆಯ ಬೀಗದ ಹಿಂದೆ.

ಗಿಣಿಯ ಪ್ರಯೋಗ ಬೆಳಕಿನದು. ಕಪ್ಪು ರಟ್ಟಿನ ಡಬ್ಬಗಳನ್ನು ಸಸಿಗಳ ಮೇಲೆ ಮುಚ್ಚಿ, ಕೆಲವಕ್ಕೆ ಹನ್ನೆರಡು ಗಂಟೆ ಬೆಳಕು, ಕೆಲವಕ್ಕೆ ಎಂಟು, ಕೆಲವಕ್ಕೆ ನಾಲ್ಕು. ತನ್ನ ಕುಂಡಗಳ ಮೇಲೆ ಅವಳು ಪತ್ರ ಬರೆದ ಹಾಗೆ ಬರೆದಿದ್ದಳು: ‘ದಯವಿಟ್ಟು ಡಬ್ಬ ತೆಗೆಯಬೇಡಿ, ನಾನೇ ತೆಗೆಯುತ್ತೇನೆ, ನಿಮಗೆ ಪುಣ್ಯ ಬರುತ್ತೆ.’

ಮೂರು ವಾರ ಎಲ್ಲ ಸರಿಯಾಗಿತ್ತು. ನಾಲ್ಕನೆಯ ವಾರದ ಒಂದು ಸಂಜೆ ತಕ್ಕಡಿಯ ಮುಂದೆ ನಿಂತ ಚಿಲಕಳ ಕೈ ಹಾಗೇ ನಿಂತಿತು. ಹತ್ತು ದಿನಕ್ಕೊಮ್ಮೆ ನೀರು ಕಾಣುವ ಕುಂಡಗಳ ಪೈಕಿ ಮೊದಲನೆಯದು, ನಿನ್ನೆಗಿಂತ ಐವತ್ತೈದು ಗ್ರಾಂ ಹೆಚ್ಚು. ಒಣಗುವ ಕುಂಡ ಹಗುರಾಗಬೇಕು. ಭಾರವಾಗುವುದೆಂದರೆ? ಎರಡನೆಯದನ್ನು ಇಟ್ಟಳು. ಅದೂ ಹೆಚ್ಚು. ಮೂರನೆಯದು, ನಾಲ್ಕನೆಯದು, ನಾಲ್ಕೂ. ತಕ್ಕಡಿ ಕೆಟ್ಟಿದೆಯೆಂದು ಬೇರೆ ತಕ್ಕಡಿಗೆ ಒಯ್ದಳು. ಅದೂ ಅದನ್ನೇ ಹೇಳಿತು. ಮಣ್ಣಿಗೆ ಬೆರಳು ಚುಚ್ಚಿದಳು. ಒಳಗೆ ತಣ್ಣಗಿತ್ತು.

ಯಾರೋ ನೀರು ಹಾಕಿದ್ದಾರೆ. ಅದೂ ಇವನ್ನೇ ಹುಡುಕಿ ಹಾಕಿದ್ದಾರೆ. ಬಾಡಬೇಕಾದದ್ದು ಬಾಡದಿದ್ದರೆ ಅವಳ ಪ್ರಯೋಗ ಮಣ್ಣುಪಾಲು. ಇದು ಗೊತ್ತಿದ್ದವರು ಯಾರು?

ಅವಳ ತಲೆ ಒಬ್ಬಳ ಕಡೆಗೇ ತಿರುಗಿತು. ಎರಡು ದಿನದ ಹಿಂದೆಯಷ್ಟೇ ಗಿಣಿ ದಿಂಬಿಗೆ ಒರಗಿಕೊಂಡು ಕೇಳಿದ್ದಳು, “ನಿನ್ನ ಬಾಯಾರಿದ ಮಕ್ಕಳು ಹೇಗಿದ್ದಾವೆ?” ಬಾಯಾರಿದ ಮಕ್ಕಳು! ಗುರುತಿನ ಅರ್ಥ ಇವಳಿಗೆ ಹೇಗೆ ಗೊತ್ತಾಯಿತು? ಬಾಡಿದ ಎಲೆ ಕಣ್ಣಿದ್ದವರಿಗೆಲ್ಲ ಕಾಣುತ್ತದೆ ಎಂಬುದು ಚಿಲಕಳಿಗೆ ಆಗ ಹೊಳೆಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅಂದಿನಿಂದ ಅವಳು ಗಿಣಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು. ಗಿಣಿ ಬೆಳಗ್ಗೆ ಆರಕ್ಕೆ ಎದ್ದು, ಸದ್ದಾಗದ ಹಾಗೆ ಬಾಗಿಲು ತೆರೆದು ಹೋಗುತ್ತಿದ್ದಳು. ಇಡೀ ದಿನ ಬಾಯಿಗೆ ಬೀಗವಿಲ್ಲದವಳಿಗೆ ಆ ಹೊತ್ತಿನಲ್ಲಿ ಮಾತ್ರ ಈ ಮೌನ ಯಾಕೆ? ಏಳಕ್ಕೆ ವಾಪಸು ಬರುವಾಗ ಚಪ್ಪಲಿಗೆ ಕೆಸರು, ಪ್ಯಾಂಟಿನ ಅಂಚು ಒದ್ದೆ. ಚಿಲಕ ಮುಸುಕಿನೊಳಗಿಂದ ಒಂದು ಕಣ್ಣು ತೆರೆದು ಎಲ್ಲವನ್ನೂ ನೋಡುತ್ತಿದ್ದಳು. ಗಿಣಿ ತನ್ನ ಕಡೆ ತಿರುಗಿದರೆ ಗೊರಕೆಯ ನಾಟಕ.

ವಿಭಾಗದ ಕಾವಲುಗಾರರ ಹತ್ತಿರ ಗಾಜಿನ ಮನೆಯ ಕೀಲಿ ಇರುತ್ತಿತ್ತು. ತೆಗೆದುಕೊಳ್ಳುವವರು ಪುಸ್ತಕದಲ್ಲಿ ಸಹಿ ಮಾಡಬೇಕು. ಚಿಲಕ ಪೆನ್ನು ಮರೆತವಳ ಹಾಗೆ ನಿಂತು ಹಿಂದಿನ ಹಾಳೆಗಳನ್ನು ತಿರುವಿದಳು. ದಿನವೂ ಬೆಳಗ್ಗೆ ಆರೂ ಕಾಲಕ್ಕೆ ಒಂದೇ ಸಹಿ, ಬಾಲ ಉದ್ದ ಬಿಟ್ಟ, ನಗುಮುಖದಂಥ ಸಹಿ. ಗಿಣಿಯದು.

ಡಬ್ಬ ತೆಗೆಯಲು ಆರೂವರೆಗೆ ಹೋಗಲೇಬೇಕೆಂದು ಗಿಣಿ ಒಮ್ಮೆಯಲ್ಲ, ಹತ್ತು ಸಲ ಹೇಳಿದ್ದಳು. ಆದರೆ ಕಳ್ಳಿ ತಾನು ಹೋಗುವುದಕ್ಕೆ ಒಂದು ಕಾರಣ ಇಟ್ಟುಕೊಳ್ಳದೆ ಹೋಗುತ್ತಾಳೆಯೇ?

ಅಪ್ಪ ಹೇಳಿಕೊಟ್ಟ ಒಂದು ಉಪಾಯ ಅವಳಿಗಿತ್ತು. ಕೂದಲಿನಷ್ಟು ಸಣ್ಣ ದಾರ. ಅದನ್ನು ಆ ನಾಲ್ಕು ಕುಂಡಗಳ ಸುತ್ತ, ಅಂಚಿನ ಎತ್ತರಕ್ಕೆ ಕಟ್ಟಿಬಂದಳು. ಯಾರು ಕುಂಡ ಎಳೆದರೂ ಕಡಿಯಬೇಕು. ಮರುದಿನ ಸಂಜೆ ನೋಡಿದರೆ ದಾರ ಇದ್ದ ಹಾಗೇ ಇತ್ತು, ಕುಂಡ ಮಾತ್ರ ಮತ್ತೆ ನಲವತ್ತು ಗ್ರಾಂ ಭಾರ. ದಾರ ಕಡಿದಿದ್ದರೆ ಒಂದು ಅನುಮಾನ, ಕಡಿಯದಿದ್ದರೆ ಎರಡು. ದಾರ ತೆಗೆದುಕೊಂಡದ್ದು ಗಿಣಿಯ ಸೂಜಿ ಡಬ್ಬದಿಂದಲ್ಲವೇ? ಅವಳು ನೋಡಿರಬೇಕು. ನೋಡಿ, ದಾರ ಮುಟ್ಟದೆ ಕೆಲಸ ಮುಗಿಸಿದ್ದಾಳೆ. ಎಂಥ ಚಾಲಾಕಿ!

ಅವತ್ತೇ ಚಿಲಕ ಮೇಡಂಗೆ ಎರಡು ಪುಟದ ದೂರು ಬರೆದಳು. ದಿನಾಂಕ, ತೂಕ, ಸಹಿ ಇದ್ದ ಸಮಯ, ಚಪ್ಪಲಿಯ ಕೆಸರು, ಯಾವುದನ್ನೂ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಕಿಟಕಿಯ ಹತ್ತಿರ ಒತ್ತಿಟ್ಟ ಎಲೆಗಳ ಕಟ್ಟುಗಳು, ಮೇಜಿನ ಮೇಲೆ ಆ ಎರಡು ಪುಟ. ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಗಿಣಿ ಮೊದಲು ನಕ್ಕಳು, ಇದೇನೋ ತಮಾಷೆ ಎಂಬ ಹಾಗೆ. ಚಪ್ಪಲಿಯ ಕೆಸರಿನ ಸಾಲು ಬರುವ ಹೊತ್ತಿಗೆ ನಗು ಅರ್ಧಕ್ಕೇ ನಿಂತಿತ್ತು.

“ನೀನು ಏನು ಹೇಳ್ತೀಯ?” ಎಂದು ಮೇಡಂ ಕೇಳಿದರು.

“ನಾನು ಹಾಕಿಲ್ಲ ಮೇಡಂ.”

“ಮತ್ತೆ ಯಾರು?”

“ಗೊತ್ತಿಲ್ಲ.” ಅವಳು ಚಿಲಕಳ ಕಡೆ ತಿರುಗಿದಳು. “ಮಲಗಿದ್ದೀಯ ಅಂತ ನಾನು ಲೈಟ್ ಹಾಕ್ತಿರಲಿಲ್ಲ ಕಣೇ. ಕತ್ತಲಲ್ಲೇ ಬಟ್ಟೆ ಹಾಕ್ಕೊಂಡು ಹೋಗ್ತಿದ್ದೆ. ನೀನು ಎಚ್ಚರ ಇದ್ದು ನನ್ನ ಚಪ್ಪಲಿ ನೋಡ್ತಿದ್ಯಾ?”

ಚಿಲಕ ಮೇಜಿನ ಮೇಲಿನ ಎರಡು ಪುಟ ನೋಡಿದಳು. ಗಿಣಿ ಮುಂದೆ ಒಂದು ಮಾತೂ ಆಡಲಿಲ್ಲ. ಅವಳು ಮಾತಿಲ್ಲದೆ ನಿಂತದ್ದನ್ನು ಯಾರೇ ಆಗಲಿ ನೋಡಿದ್ದು ಅದೇ ಮೊದಲು.

ವಿಚಾರಣೆ ಮುಗಿಯುವವರೆಗೆ ಗಿಣಿ ಗಾಜಿನ ಮನೆಯೊಳಗೆ ಹೋಗಬಾರದೆಂದು ಮೇಡಂ ಹೇಳಿದರು. ಅವಳ ಡಬ್ಬಗಳನ್ನು ಕಚೇರಿಯವರು ತೆಗೆಯುತ್ತಾರೆ ಎಂದೂ ಹೇಳಿದರು. ಕಚೇರಿಯವರು ಬರುವುದು ಹತ್ತಕ್ಕೆ. ಆರೂವರೆಗೆ ಬೆಳಕು ಕಾಣಬೇಕಾದ ಸಸಿಗಳು ಹತ್ತರವರೆಗೆ ಕತ್ತಲಲ್ಲಿ ಕೂತವು. ಒಂದು ದಿನ ತೆಗೆಯಲು ಮರೆತೇಬಿಟ್ಟರು. ಸಂಜೆ ತನ್ನ ಕುಂಡ ತೂಗಲು ಹೋದ ಚಿಲಕ ಆ ಬಿಳಿಚಿಕೊಂಡ ಕಾಂಡಗಳನ್ನು ನೋಡಿದಳು. ನೋಡಿ, ಮಾಡಿದ್ದುಣ್ಣೋ ಮಾರಾಯ ಎಂದುಕೊಳ್ಳಲು ಹೊರಟಳು. ಅರ್ಧಕ್ಕೇ ಬಿಟ್ಟು ತನ್ನ ತಕ್ಕಡಿಯ ಕಡೆ ತಿರುಗಿದಳು.

ಅದೇ ದಿನ ಗಿಣಿ ಹಾಸಿಗೆ ಸುತ್ತಿಕೊಂಡು ಮೇಲಿನ ಮಹಡಿಗೆ ಹೋದಳು. ಸೋಪಿನ ಡಬ್ಬ ಮಾತ್ರ ಕಿಟಕಿಯಲ್ಲೇ ಉಳಿದಿತ್ತು. ಊಟದ ಸಾಲಿನಲ್ಲಿ ಚಿಲಕ ನಿಂತರೆ ಮುಂದಿನವರು ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದರು, ಹಿಂದಿನವರು ಒಂದು ಹೆಜ್ಜೆ ಹಿಂದೆ. ಅಡುಗೆಮನೆಯ ಅಕ್ಕ ಸೌಟನ್ನು ತಟ್ಟೆಗೆ ಬಡಿದು ಬಡಿಸಿದರು. “ಉಪ್ಪು ಸರಿಯಿದೆಯಾ ನೋಡ್ಕೊಮ್ಮ. ಆಮೇಲೆ ವಿಷ ಹಾಕಿದ್ರು ಅಂತ ಬರೆದುಕೊಟ್ಟೀಯ!”

ಗಿಣಿಗೆ ಬಾಗಿಲು ಮುಚ್ಚಿದ ಮೂರನೆಯ ಸಂಜೆ ಚಿಲಕ ಕುಂಡಗಳನ್ನು ತೂಗಿದಳು. ಮೊದಲನೆಯದು ನಲವತ್ತೆಂಟು ಗ್ರಾಂ ಹೆಚ್ಚು. ಎರಡನೆಯದು ಐವತ್ತು.

ಅವಳು ಅಲ್ಲೇ ಮಣ್ಣಿನ ಚೀಲದ ಮೇಲೆ ಕೂತಳು. ಆದರೆ ಅನುಮಾನ ಅಷ್ಟು ಸುಲಭವಾಗಿ ಸಾಯುವ ಪ್ರಾಣಿಯಲ್ಲ. ಐದು ನಿಮಿಷದಲ್ಲಿ ಅದು ಮೈಕೊಡವಿ ಎದ್ದಿತು: ಗಿಣಿ ನಕಲಿ ಕೀಲಿ ಮಾಡಿಸಿರಬೇಕು! ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದಳು.

“ಎಂಥ ಬೀಗ ಅದು?” ಎಂದು ಅಪ್ಪ ಕೇಳಿದರು.

“ಹಳೇದು. ದಪ್ಪದ್ದು, ಕಬ್ಬಿಣದ್ದು.”

“ಅದಕ್ಕೆ ಒಟ್ಟು ಎಷ್ಟು ಕೀಲಿ?”

“ಗೊತ್ತಿಲ್ಲ.”

“ಕೇಳಲಿಲ್ವಾ? ಬೀಗದವರ ಮಗಳಾಗಿ ಮೊದಲು ಕೇಳಬೇಕಾದ್ದನ್ನೇ ಕೇಳದೆ ಪುಸ್ತಕದಲ್ಲಿರೋ ಸಹಿ ಹಿಡ್ಕೊಂಡು ಕೂತಿದ್ದೀಯಲ್ಲ ಪುಟ್ಟಿ. ಸಹಿ ಮಾಡೋನು ಸಹಿ ಮಾಡಿ ಹೋಗ್ತಾನೆ. ಸ್ವಂತ ಕೀಲಿ ಇರೋನು ಯಾಕೆ ಮಾಡ್ತಾನೆ?”

“ನೀವೇ ಹೇಳ್ತಿದ್ರಲ್ಲ ಅಪ್ಪ, ಹತ್ತರಲ್ಲಿ ಎಂಟು ಸಲ ಒಳಗಿನವರೇ ಅಂತ. ಕೋಣೆಯಲ್ಲಿ ಇದ್ದವಳು ಅವಳೊಬ್ಬಳೇ.”

ಆ ಕಡೆ ಅರದ ಯಂತ್ರ ನಿಂತಿತು.

“ಎಂಟು ಅಂತ ಯಾರು ಎಣಿಸಿದ್ದಾರೆ ಮಗಳೇ?” ಎಂದರು ಅಪ್ಪ ನಿಧಾನವಾಗಿ. “ಬಾಯಿಗೆ ಬಂದ ಲೆಕ್ಕ ಅದು. ಹಾಗಂದ್ರೆ ಗಿರಾಕಿ ಒಳಗಿನ ಕೋಣೆಗಳಿಗೂ ಬೀಗ ತಗೊಳ್ತಾರೆ. ಅಂಗಡಿ ಮಾತನ್ನ ಮನೆಗೆ ತಂದದ್ದು ನನ್ನ ತಪ್ಪು.”

“ಮತ್ತೆ ನೀವು ಯಾರನ್ನೂ ನಂಬಬೇಡ ಅಂತಿದ್ದದ್ದು?”

“ನಾನು ಅಂಗಡಿ ಪಕ್ಕದ ಚಪ್ಪಲಿ ಹೊಲಿಯೋನ ಹತ್ತಿರ ಕೀಲಿಗೊಂಚಲು ಬಿಟ್ಟು ದಿನಾ ಊಟಕ್ಕೆ ಬರ್ತೀನಿ. ಇಪ್ಪತ್ತು ವರ್ಷ ಆಯ್ತು. ನೀನು ನೋಡಿಲ್ವಾ?”

ನೋಡಿದ್ದಳು. ನೋಡಿಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮರುದಿನ ಬೆಳಗ್ಗೆ ಆರಕ್ಕೇ ಅವಳು ಗಾಜಿನ ಮನೆಗೆ ಹೋಗಿ, ಒಳಗಿನಿಂದ ಬಾಗಿಲು ಒತ್ತಿಕೊಂಡು, ಗೊಬ್ಬರದ ಚೀಲಗಳ ಹಿಂದೆ ಮುದುರಿ ಕೂತಳು. ಗಾಜಿನ ಮೇಲೆ ಹಬೆ ಕಟ್ಟಿತ್ತು. ಏಳೂ ಕಾಲಿನ ಹೊತ್ತಿಗೆ ಹಿಂಬದಿಯಲ್ಲಿ ಕಬ್ಬಿಣ ಕಿರುಗುಟ್ಟಿತು. ಅಲ್ಲೊಂದು ಬಾಗಿಲಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೆ ಒರಗಿಸಿದ್ದ ಹಾರೆ, ಕುಂಟೆಗಳನ್ನು ನೋಡಿ ಗೋಡೆ ಎಂದೇ ತಿಳಿದಿದ್ದಳು.

ಒಳಗೆ ಬಂದದ್ದು ತೋಟದಜ್ಜ. ವಿಭಾಗದ ಮಾಲಿ. ಮಂಡಿಯವರೆಗೆ ಮಡಚಿದ ಪ್ಯಾಂಟು, ಕೈಯಲ್ಲಿ ಉದ್ದ ಮೂತಿಯ ನೀರಿನ ಡಬ್ಬ. ಒಂದೊಂದು ಸಾಲನ್ನೂ ಕಣ್ಣಾಡಿಸುತ್ತ, ಕೆಲವು ಕುಂಡಗಳ ಮುಂದೆ ಬಗ್ಗಿ ಚೀಟಿ ಓದುತ್ತ, “ಸರಿ, ನಿಂಗೆ ಇವತ್ತಿಲ್ಲ” ಎನ್ನುತ್ತ ಬಂದರು. ಚಿಲಕಳ ಕುಂಡಗಳ ಮುಂದೆ ನಿಂತರು. ಕಣ್ಣು ಕಿರಿದು ಮಾಡಿ ಚೀಟಿ ನೋಡಿದರು, ತಲೆಯಾಡಿಸಿದರು. ಒಂದು ಬಾಡಿದ ಎಲೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದರು.

“ಯಾವ ಪುಣ್ಯಾತ್ಮರೋ ನಿಮ್ಮನ್ನ ತಂದಿಟ್ಟು ಮರೆತೇಬಿಟ್ಟಿದ್ದಾರೆ,” ಎಂದು ಸಸಿಗೆ ಹೇಳಿ, ಡಬ್ಬದ ಉದ್ದ ಮೂತಿಯನ್ನು ದಾರದ ಮೇಲಿಂದ ಚಾಚಿ, ನಾಲ್ಕಕ್ಕೂ ಅಳೆದ ಹಾಗೆ ಒಂದಿಷ್ಟು ನೀರು ಬಿಟ್ಟರು.

“ಅಜ್ಜಾ!” ಎಂದು ಚಿಲಕ ಎದ್ದು ನಿಂತಳು.

ಅಜ್ಜ ಬೆಚ್ಚಿಬಿದ್ದು ಡಬ್ಬ ಕೈಬಿಟ್ಟರು. ನೀರೆಲ್ಲ ಅವರ ಕಾಲಮೇಲೆ. “ಅಯ್ಯೋ ನಿನ್ನ! ಚೀಲದ ಹಿಂದೆ ಏನಮ್ಮ ಮಾಡ್ತಿದ್ದೀಯ? ನನ್ನ ಎದೆ ಒಡೆದುಹೋಗ್ತಿತ್ತು.”

“ಇವು ನನ್ನ ಕುಂಡ. ಇವಕ್ಕೆ ನೀರು ಹಾಕಬಾರದು. ಇದೇ ಪ್ರಯೋಗ.”

ಅಜ್ಜ ಕುಂಡ ನೋಡಿದರು, ಅವಳನ್ನು ನೋಡಿದರು. “ಹಾಕಬಾರದು ಅಂತ ಎಲ್ಲಿ ಬರೆದಿದ್ದೀಯ? ಅಕೋ, ಆ ಹುಡುಗಿ ಡಬ್ಬ ಮುಟ್ಟಬೇಡಿ ಅಂತ ಬರೆದಿದ್ದಾಳೆ. ನಾನು ಬೆರಳೂ ಸೋಕಿಸಿಲ್ಲ. ಅಲ್ಲೊಬ್ಬ ಗೊಬ್ಬರ ಬೇಡ ಅಂದಿದ್ದಾನೆ, ಹಾಕಿಲ್ಲ. ಮೂವತ್ತಾರು ವರ್ಷದಿಂದ ಓದ್ಕೊಂಡೇ ನೀರು ಹಾಕ್ತಿರೋದು ನಾನು. ನಿನ್ನದರಲ್ಲಿ ‘ಹ’ ಒಂದು, ‘ಹ’ ಎರಡು ಅಂತಿದೆ. ‘ಹ’ ಅಂದ್ರೆ ಏನು? ಹಾಕು ಅಂತಲೋ, ಹಾಕಬೇಡ ಅಂತಲೋ?”

ಹತ್ತು ದಿನಕ್ಕೊಮ್ಮೆ ಎಂಬುದರ ‘ಹ’ ಅದು. ಚಿಲಕ ಅದನ್ನು ಹೇಳದೆ, ಬಿದ್ದಿದ್ದ ಡಬ್ಬ ಎತ್ತಿ ಅಜ್ಜನ ಕೈಗೆ ಕೊಟ್ಟಳು.

“ಪ್ರಯೋಗ ಕೆಟ್ಟೋಯ್ತಾ?” ಎಂದರು ಅಜ್ಜ. ದನಿ ಮೆತ್ತಗಾಗಿತ್ತು. “ಮೇಡಂಗೆ ಹೇಳ್ತೀಯಾ? ಹೇಳು, ಹೇಳಬೇಕಾದ್ದೇ. ಆದರೆ ಸಸಿ ಒಣಗಿ ನಿಂತಿದ್ರೆ ನನ್ನ ಕೈಲಿ ಸುಮ್ಮನೆ ಹೋಗೋಕಾಗಲ್ಲಮ್ಮ.”

ಅವಳು ಚೆಲ್ಲಿದ ನೀರಿನಲ್ಲಿ ನಿಂತೇ ಇದ್ದಳು. ಎದುರಿನ ಸಾಲಿನಲ್ಲಿ ಗಿಣಿಯ ಕಪ್ಪು ಡಬ್ಬಗಳು ಇನ್ನೂ ಮುಚ್ಚಿಕೊಂಡೇ ಇದ್ದವು. ಚಿಲಕ ಹೋಗಿ ಒಂದೊಂದಾಗಿ ತೆಗೆದಳು. ಯಾವುದನ್ನು ಎಷ್ಟು ಗಂಟೆಗೆ ತೆಗೆಯಬೇಕೆಂದು ಕುಂಡದ ಮೇಲೆ ಸ್ಪಷ್ಟವಾಗಿ ಬರೆದಿತ್ತು.

ಮೇಡಂ ಕೋಣೆಗೆ ಹೋದಾಗ ಒಂಬತ್ತೂವರೆ. ಅಜ್ಜನಿಗೆ ಏನೂ ತೊಂದರೆಯಾಗದ ಹಾಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: ಅಜ್ಜ ನೀರು ಹಾಕಿದರು, ನಾನು ಚೀಟಿಯಲ್ಲಿ ಬರೆದಿರಲಿಲ್ಲ, ನೀವು ಹೇಳಿದ್ದನ್ನು ಮೀರಿದ್ದು ನಾನು, ಗಿಣಿಯದು ಏನೂ ತಪ್ಪಿಲ್ಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೊನ್ನೆ ಬಂದು ಅವಳು ಹಾಕಿದಳು ಅಂದೆ. ಎರಡು ಪುಟ ಸಾಕ್ಷಿ ಕೊಟ್ಟೆ. ಇವತ್ತು ಬಂದು ಮಾಲಿ ಹಾಕಿದರು ಅಂತೀಯ. ನಾಳೆ?”

“ನಾಳೆ ಏನೂ ಇಲ್ಲ ಮೇಡಂ. ಇದೇ ನಿಜ.”

“ನಿನ್ನ ಮೊದಲ ಪರೀಕ್ಷೆಯ ಅಂಕ ನನಗೆ ಗೊತ್ತು. ಉತ್ತರ ಪತ್ರಿಕೆ ಬದಲಾಗಿದೆ ಅಂತ ಅರ್ಜಿ ಕೊಟ್ಟದ್ದೂ ಗೊತ್ತು. ಪ್ರಯೋಗ ತಾನಾಗೇ ಕೆಟ್ಟು, ಅದನ್ನ ಮುಚ್ಚೋಕೆ ನೀನೇ ಈ ತೂಕಗಳನ್ನ ಬರೆದಿಲ್ಲ ಅಂತ ನಾನು ಹೇಗೆ ನಂಬಲಿ?”

ಚಿಲಕ ತನ್ನ ಪುಸ್ತಕ ತೋರಿಸಿದಳು. ಮೇಡಂ ಹಾಳೆ ತಿರುವಿದರು. ಸಂಖ್ಯೆಗಳನ್ನು ಯಾರು ಬೇಕಾದರೂ ಬರೆಯಬಹುದು ಎಂದರು. ಅಜ್ಜ ಎಷ್ಟು ಸಲ, ಎಷ್ಟು ಹಾಕಿದರೆಂದು ಅಜ್ಜನಿಗೇ ನೆನಪಿರಲಿಕ್ಕಿಲ್ಲ. ಅವಳು ತೂಗುವಾಗ ಪಕ್ಕದಲ್ಲಿ ಯಾರಿದ್ದರು? ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲವಲ್ಲ. ಎಷ್ಟು ಹೇಳಿದರೂ ಮೇಡಂ ಕಣ್ಣಿನಲ್ಲಿ ಆ ಒಂದು ಬಗೆಯ ತೂಗಿ ನೋಡುವ ನೋಟ ಹಾಗೇ ಇತ್ತು. ನಿಜವನ್ನೇ ಹೇಳುತ್ತಿದ್ದರೂ ತನ್ನ ದನಿ ತನಗೇ ಸುಳ್ಳಿನ ಹಾಗೆ ಕೇಳತೊಡಗಿತು.

ಮೇಡಂ ಗಿಣಿಯನ್ನು ಕರೆಸಿದರು. ಅವಳು ಬಂದು ಬಾಗಿಲ ಹತ್ತಿರವೇ ನಿಂತಳು. ಮೇಡಂ ವಿಷಯ ಹೇಳಿದರು. ಈಗ ಅವಳು “ಗೊತ್ತಿಲ್ಲ” ಎಂದರೆ ಸಾಕಿತ್ತು. ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಹಾಗೇ ಅನ್ನುತ್ತಾಳೆ ಎಂದು ಚಿಲಕ ಕಾದಳು. ತಾನಾಗಿದ್ದರೆ ಏನನ್ನುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು.

“ಲೆಕ್ಕ ಸುಳ್ಳಲ್ಲ ಮೇಡಂ,” ಎಂದಳು ಗಿಣಿ. “ಸಂಜೆ ಡಬ್ಬ ಮುಚ್ಚೋಕೆ ಹೋದಾಗ ಗಾಜಿನ ಆಚೆಯಿಂದ ನೋಡ್ತಿದ್ದೆ. ಒಂದೊಂದು ಕುಂಡ ಮೂರು ಸಲ ತೂಗ್ತಾಳೆ. ನಡುವೆ ತಕ್ಕಡಿ ಒರೆಸ್ತಾಳೆ. ಅವಳು ತನ್ನನ್ನ ತಾನೇ ನಂಬಲ್ಲ, ಇನ್ನು ಸುಳ್ಳು ಬರೆಯೋದೆಲ್ಲಿಂದ ಬಂತು?”

“ನಿನ್ನ ಮೇಲೆ ದೂರು ಕೊಟ್ಟವಳು ಇವಳು.”

“ಹೌದು. ನನಗೆ ಇವಳನ್ನ ಕಂಡರೆ ಆಗಲ್ಲ ಈಗ. ಆದರೆ ನೀವು ಕೇಳಿದ್ದು ಲೆಕ್ಕದ ವಿಷಯ.” ಹಾಗೆಂದು, ಹೋಗಬಹುದೇ ಎಂದೂ ಕೇಳದೆ ಹೊರಟುಹೋದಳು.

ಮೇಡಂ ಅಜ್ಜನಿಗೆ ಏನೂ ಅನ್ನಲಿಲ್ಲ. ಗಿಣಿಗೆ ಮತ್ತೆ ಹೊಸ ಸಸಿ ನೆಡಲು ಐದು ವಾರ ಹೆಚ್ಚು ಕೊಟ್ಟರು. ಅಷ್ಟರಲ್ಲಿ ಸಂಶೋಧನಾ ಕೇಂದ್ರದ ಜಾಗಕ್ಕೆ ಹೆಸರು ಕಳಿಸುವ ದಿನ ದಾಟಿಹೋಯಿತು. ಆ ಜಾಗ ಸಿಕ್ಕಿದ್ದು ಗೋಡೆಯ ಪಾಚಿ ಬೆಳೆಸಿದ, ಇಡೀ ವರ್ಷ ಯಾರ ಕಣ್ಣಿಗೂ ಬೀಳದಿದ್ದ ದಪ್ಪ ಕನ್ನಡಕದ ಹುಡುಗಿಗೆ. ಚಿಲಕಳಿಗೆ ಹೊಸ ಸಸಿ ಕೊಡಲಿಲ್ಲ. ಕೆಟ್ಟ ಪ್ರಯೋಗವನ್ನೇ, ಅದು ಹೇಗೆ ಕೆಟ್ಟಿತು ಎಂಬುದನ್ನೂ ಸೇರಿಸಿ ಬರೆದು ಒಪ್ಪಿಸಬೇಕೆಂದರು. ಅವಳು ಹದಿನೆಂಟು ಪುಟ ಬರೆದಳು. ‘ತಪ್ಪಿಗೆ ಕಾರಣ’ ಎಂಬಲ್ಲಿ ಒಂದೇ ಸಾಲು: ಚೀಟಿಯಲ್ಲಿ ಬರೆಯಬೇಕಾದ್ದನ್ನು ನಾನು ಬರೆಯಲಿಲ್ಲ. ಮೇಡಂ ಪಾಸಾಗುವಷ್ಟು ಅಂಕ ಕೊಟ್ಟು, ಆ ಸಾಲಿನ ಕೆಳಗೆ ಗೆರೆ ಎಳೆದಿದ್ದರು.

ಗಿಣಿಯ ಹತ್ತಿರ ಕ್ಷಮೆ ಕೇಳಲು ಅವಳು ಮೂರು ಸಲ ಮೇಲಿನ ಮಹಡಿ ಹತ್ತಿದಳು. ಎರಡು ಸಲ ಮೆಟ್ಟಿಲ ಅರ್ಧದಿಂದ ಇಳಿದುಬಂದಳು. ಮೂರನೆಯ ಸಲ ಬಾಗಿಲು ತಟ್ಟಿದಳು.

“ತಪ್ಪಾಯ್ತು,” ಎಂದಳು. “ಬೆಳಗ್ಗೆ ನಿನ್ನ ಡಬ್ಬ ನಾನು ತೆಗೀತೀನಿ. ನೀನು ಮಲಗು. ಐದು ವಾರಾನೂ.”

ಗಿಣಿ ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದಳು. “ಬೇಡ,” ಎಂದಳು. “ನನ್ನ ಸಸಿ ನಾನೇ ನೋಡ್ಕೋತೀನಿ.” ಬಾಗಿಲು ಮುಚ್ಚುತ್ತ, “ಇನ್ಮೇಲೆ ಯಾರು ಒಳಗೆ ಬಂದ್ರು, ಯಾರು ಹೋದ್ರು ಅಂತ ನಾನೂ ನೋಡಬೇಕಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚಿಲಕಳಿಗೆ ಸುಲಭವಾಗುತ್ತಿತ್ತು.

ಕೊನೆಯ ಪರೀಕ್ಷೆಯ ದಿನ ಕ್ಯಾಂಟೀನು ಕಿಕ್ಕಿರಿದಿತ್ತು. ಬೇರೆ ಜಾಗ ಸಿಗದೆ ಗಿಣಿ ಬಂದು ಚಿಲಕಳ ಮೇಜಿನಲ್ಲೇ ಕೂತಳು. ಸ್ವಲ್ಪ ಹೊತ್ತು ಇಬ್ಬರೂ ಚಮಚ ಆಡಿಸಿದರು. ಆಮೇಲೆ ಗಿಣಿಯೇ, ತಡೆಯಲಾರದೆ, “ಏಳನೇ ಪ್ರಶ್ನೆಗೆ ಏನು ಬರೆದೆ?” ಎಂದಳು.

“ಬೇರಿನ ಒತ್ತಡ ಅಂತ.”

“ನಾನೂ ಅದೇ! ಇಡೀ ಹಾಸ್ಟೆಲ್ ಎಲೆ ಅಂತ ಬರೆದಿದೆ ಕಣೇ. ಒಂದೋ ನಾವಿಬ್ಬರೇ ಪಾಸು, ಇಲ್ಲ ನಾವಿಬ್ಬರೇ ಫೇಲು.” ಅವಳು ನಕ್ಕಳು. ಚಿಲಕಳೂ ನಕ್ಕಳು. ಒಂದು ಮಾತಿಗೆ ಇನ್ನೊಂದು ಸೇರಿ, ಆರನೇ ಪ್ರಶ್ನೆ, ಐದನೇ ಪ್ರಶ್ನೆ, ಮೇಲ್ವಿಚಾರಣೆಗೆ ಬಂದವರ ತೂಕಡಿಕೆಯವರೆಗೆ ಹೋಯಿತು.

“ಇರು, ಟೀ ತರ್ತೀನಿ, ನಿಂಗೂ ಬೇಕಾ?” ಎಂದು ಗಿಣಿ ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಮೇಜಿನ ಮೇಲಿದ್ದ ತನ್ನ ಚೀಲ, ಅದರ ಪಕ್ಕದ ನೋಟುಬುಕ್ಕು ಎರಡನ್ನೂ ಎತ್ತಿ ಹೆಗಲಿಗೆ ಹಾಕಿಕೊಂಡಳು. ಚಿಲಕಳ ಮುಖ ನೋಡಲಿಲ್ಲ.

“ಬೇಕು,” ಎಂದಳು ಚಿಲಕ. “ಸಕ್ಕರೆ ಕಮ್ಮಿ.”

ಗಿಣಿ ಆ ಗದ್ದಲದ ಸಾಲಿನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ನಿಂತಳು. ಚಿಲಕ ಪಕ್ಕದಲ್ಲಿ ಗಿಣಿ ಎದ್ದುಹೋದ ಕುರ್ಚಿಯ ಮೇಲೆ ಕೈಯಿಟ್ಟು, ಬೇರೆ ಯಾರೂ ಬಂದು ಕೂರದ ಹಾಗೆ ಜಾಗ ಹಿಡಿದಳು.